ಕಥೆ ಒಂದೇ, ಕಟ್ಟುವ ಕೈ ಬೇರೆ

ಆರ್ಸನ್ ವೆಲ್ಸ್ ನಿರ್ದೇಶಿಸಿದ ‘ಸಿಟಿಜನ್ ಕೇನ್’ (1941) ಚಿತ್ರದಲ್ಲಿ ಗಂಡ ಹೆಂಡತಿ ಬೆಳಗಿನ ತಿಂಡಿಗೆ ಕೂತ ಒಂದು ಪ್ರಸಂಗವಿದೆ. ಮೊದಲ ತುಣುಕಿನಲ್ಲಿ ಹೊಸ ಮದುವೆಯ ಸಲಿಗೆ. ಕೇನ್ ಹೆಂಡತಿಯ ಪಕ್ಕಕ್ಕೇ ಬಂದು ಅವಳ ಚೆಲುವನ್ನು ಹೊಗಳುತ್ತಾನೆ. ಕ್ಯಾಮೆರಾ ಸರ್ರನೆ ತಿರುಗುತ್ತದೆ. ಮತ್ತದೇ ಮೇಜು, ಆದರೆ ಉಡುಪು ಬೇರೆ, ದನಿ ಬೇರೆ: ಗಂಡ ಪತ್ರಿಕಾ ಕಚೇರಿಯಲ್ಲೇ ಇದ್ದುಬಿಡುತ್ತಾನೆಂದು ಅವಳ ದೂರು. ಮತ್ತೆ ಸರ್ರನೆ ತಿರುವು, ಮಾತು ಇನ್ನಷ್ಟು ಬಿರುಸು. ಕೊನೆಯ ತುಣುಕಿನಲ್ಲಿ ಮಾತೇ ಇಲ್ಲ. ಅವನು ತನ್ನ ಪತ್ರಿಕೆ ಹಿಡಿದು ಕೂತಿದ್ದಾನೆ. ಅವಳ ಕೈಯಲ್ಲಿರುವುದು ಅವನ ಎದುರಾಳಿ ಪತ್ರಿಕೆ ‘ಕ್ರಾನಿಕಲ್’. ಕ್ಯಾಮೆರಾ ಹಿಂದೆ ಸರಿದಾಗ ಇಬ್ಬರ ನಡುವಿನ ಮೇಜು ಎಷ್ಟು ಉದ್ದ ಎಂಬುದು ಕಾಣುತ್ತದೆ. ಎರಡು ಮೂರು ನಿಮಿಷದಲ್ಲಿ ಒಂದು ದಾಂಪತ್ಯ ಬತ್ತಿಹೋಯಿತು.

ಪ್ರೀತಿ ಆರಿಹೋದ ದಂಪತಿಯ ಕಥೆ ಯಾವ ಊರಲ್ಲಿಲ್ಲ? ಇಲ್ಲಿ ಹೊಸದಾಗಿರುವುದು ಕಥೆಯಲ್ಲ, ಅದನ್ನು ಕಟ್ಟಿದ ಬಗೆ. ನಡೆದ ಸಂಗತಿ ಒಂದು, ಅದನ್ನು ನಿರೂಪಿಸುವ ರೀತಿ ಇನ್ನೊಂದು ಎಂದು ರಷ್ಯಾದ ರೂಪನಿಷ್ಠ ವಿಮರ್ಶಕರು 1920ರ ದಶಕದಲ್ಲೇ ಬೇರ್ಪಡಿಸಿ ತೋರಿಸಿದರು. ಫ್ರಾನ್ಸಿನ ಜೆರಾರ್ ಜೆನೆಟ್ 1972ರಲ್ಲಿ, ಪ್ರೂಸ್ತ್‌ನ ಕಾದಂಬರಿಯನ್ನು ಎದುರಿಗಿಟ್ಟುಕೊಂಡು, ಈ ನಿರೂಪಣೆ ಕಾಲವನ್ನು ಹೇಗೆ ಬಳಸಿಕೊಳ್ಳುತ್ತದೆ ಎಂದು ವಿವರಿಸಿದ. ಯಾವುದು ಮೊದಲು, ಯಾವುದು ಆಮೇಲೆ? ಯಾವುದಕ್ಕೆ ಎಷ್ಟು ಹೊತ್ತು? ನಡೆದದ್ದನ್ನು ಎಷ್ಟು ಸಲ ಹೇಳಬೇಕು? ಈ ಮೂರು ಪ್ರಶ್ನೆ ಕೈಯಲ್ಲಿದ್ದರೆ ಯಾವ ಸಿನಿಮಾದ ಹೊಲಿಗೆಯನ್ನಾದರೂ ಬಿಚ್ಚಿ ನೋಡಬಹುದು. ಕೇನ್‌ನ ತಿಂಡಿ ಮೇಜು ಎರಡನೆಯ ಪ್ರಶ್ನೆಗೆ ಕೊಟ್ಟ ಉತ್ತರ. ಕುರೋಸಾವಾನ ‘ರಾಶೋಮನ್’ (1950) ಮೂರನೆಯದಕ್ಕೆ: ಕಾಡಿನಲ್ಲಾದ ಒಂದೇ ಸಾವನ್ನು ಒಬ್ಬೊಬ್ಬರೂ ಒಂದೊಂದು ಥರ ಹೇಳುತ್ತಾರೆ. ಮಲ್ಪೆಯ ಕಡಲ ದಂಡೆಯಲ್ಲಿ ರಕ್ಷಿತ್ ಶೆಟ್ಟಿ ‘ಉಳಿದವರು ಕಂಡಂತೆ’ (2014) ಮಾಡಿದ್ದೂ ಇದೇ ಧೈರ್ಯದಿಂದ.

ಹೊತ್ತನ್ನು ಕುಗ್ಗಿಸುವಂತೆ ಹಿಗ್ಗಿಸಲೂಬಹುದು. ಐಸೆನ್‌ಸ್ಟೈನ್‌ನ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ (1925) ಚಿತ್ರದಲ್ಲಿ ಒಡೆಸ್ಸಾದ ಮೆಟ್ಟಿಲುಗಳನ್ನು ಸೈನಿಕರು ಇಳಿದಷ್ಟೂ ಮುಗಿಯುವುದಿಲ್ಲ. ನಮ್ಮ ದೈನಿಕ ಧಾರಾವಾಹಿಗಳಲ್ಲಿ ಒಂದು ಕೆನ್ನೆಯೇಟು ಬಿದ್ದೊಡನೆ ಮನೆಮಂದಿಯ ಮುಖಗಳೆಲ್ಲ ಸರದಿಯಲ್ಲಿ ಬಂದುಹೋಗುವುದೂ ತಂತ್ರದ ಮಟ್ಟಿಗೆ ಅದೇ. ವ್ಯತ್ಯಾಸವೆಂದರೆ, ಮೆಟ್ಟಿಲ ಮೇಲೆ ಪ್ರತಿ ಕ್ಷಣವೂ ಹೊಸದೊಂದು ಆತಂಕವನ್ನು ತರುತ್ತದೆ. ಆ ಮುಖಗಳು ತರುವುದಿಲ್ಲ. ಕಿರುತೆರೆಯಲ್ಲಿ ಹಿಗ್ಗಿಸುವ ಕಲೆಯನ್ನು ಬಲ್ಲವರೂ ಇದ್ದಾರೆ. ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳ ಕೋರ್ಟ್ ದೃಶ್ಯಗಳನ್ನು ಜನ ಕಾದು ನೋಡಿದ್ದಕ್ಕೆ ಕಾರಣವಿದೆ. ಒಗಟು ಹಾಕು, ಅರ್ಧ ಉತ್ತರ ಕೊಡು, ದಾರಿ ತಪ್ಪಿಸು, ತಡಮಾಡು: ಕಥನದ ಈ ನಡೆಯನ್ನು ರೋಲಾಂ ಬಾರ್ಥ್ ತನ್ನ 1970ರ ಪುಸ್ತಕದಲ್ಲಿ ಬಾಲ್ಜಾಕ್‌ನ ಒಂದು ಕಥೆಯನ್ನು ಚೂರು ಚೂರಾಗಿ ಬಿಡಿಸಿ ತೋರಿಸಿದ್ದ. ಪಾಟೀಸವಾಲು ಹುಟ್ಟಿರುವುದೇ ಆ ನಡೆಯಲ್ಲಿ.

ಇಷ್ಟೆಲ್ಲವನ್ನೂ ಒಂದು ನಿಮಿಷದಲ್ಲಿ ಮಾಡಬೇಕಾದವರು ಜಾಹೀರಾತಿನವರು. 1990ರ ದಶಕದ ಕ್ಯಾಡ್ಬರಿ ಡೈರಿ ಮಿಲ್ಕ್ ಜಾಹೀರಾತು ಅನೇಕರಿಗೆ ನೆನಪಿರಬಹುದು. ಭರತನ ನಾಟ್ಯಶಾಸ್ತ್ರ ಹೇಳುವ ಐದೂ ಸಂಧಿಗಳು ಅದರಲ್ಲಿ ಸಿಗುತ್ತವೆ. ಬ್ಯಾಟ್ಸ್‌ಮನ್ 99ರಲ್ಲಿದ್ದಾನೆ, ಗ್ಯಾಲರಿಯಲ್ಲಿ ಚಾಕೊಲೇಟ್ ಹಿಡಿದ ಹುಡುಗಿ: ಬೀಜ ಬಿತ್ತಿದ್ದಾಯಿತು, ಅದು ಮುಖ. ಚೆಂಡು ಎತ್ತರಕ್ಕೆ ಚಿಮ್ಮಿತು, ಪ್ರತಿಮುಖ. ಅದು ಗಾಳಿಯಲ್ಲಿರುವಷ್ಟು ಹೊತ್ತು ಹುಡುಗಿಯ ಮುಖದಲ್ಲಿ ಆಸೆ ಅಳುಕು ಎರಡೂ, ಗರ್ಭ. ಚೆಂಡಿನ ಕೆಳಗೇ ಫೀಲ್ಡರ್ ಬಂದು ನಿಂತ, ವಿಮರ್ಶ. ಚೆಂಡು ಗೆರೆ ದಾಟಿತು, ಹುಡುಗಿ ಕಾವಲುಗಾರನಿಂದ ತಪ್ಪಿಸಿಕೊಂಡು ಮೈದಾನಕ್ಕೆ ನುಗ್ಗಿ ಕುಣಿದಳು, ನಿರ್ವಹಣ.

ಈ ಜಾಹೀರಾತಿನಲ್ಲಿ ನನಗೆ ಬಹಳ ಮೆಚ್ಚುಗೆಯಾಗುವುದು ಚಾಕೊಲೇಟಿಗೆ ಕೊಟ್ಟ ಜಾಗ. ರಷ್ಯಾದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ನೂರು ಅದ್ಭುತ ಕಥೆಗಳನ್ನು ಪರಿಶೀಲಿಸಿ, ಅವುಗಳ ಘಟನೆಗಳೆಲ್ಲ 31 ‘ಕಾರ್ಯ’ಗಳಲ್ಲಿ ಅಡಗುತ್ತವೆ ಎಂದ. ನಾಯಕನಿಗೆ ಮಾಂತ್ರಿಕ ವಸ್ತುವೊಂದು ದಕ್ಕುವುದು ಅವುಗಳಲ್ಲೊಂದು. ಸೋಪಿನ ಪುಡಿಯಿಂದ ನೋವಿನ ಮುಲಾಮಿನವರೆಗೆ ಬಹುಪಾಲು ಜಾಹೀರಾತುಗಳಲ್ಲಿ ಮಾರುವ ಸರಕೇ ಆ ಮಾಂತ್ರಿಕ ವಸ್ತು. ಇಲ್ಲಿ ಹಾಗಿಲ್ಲ. ಚಾಕೊಲೇಟಿನಿಂದ ಸಿಕ್ಸರ್ ಬರಲಿಲ್ಲ. ಅದು ಮೊದಲಿನಿಂದಲೂ ಹುಡುಗಿಯ ಕೈಯಲ್ಲಿತ್ತು, ಅವಳ ಸಂತೋಷದಲ್ಲಿ ಪಾಲು ಪಡೆಯಿತು, ಅಷ್ಟೇ. ಕಾರ್ಯ ಸ್ಥಿರ, ಅದನ್ನು ಮಾಡುವವರು ಬದಲಾಗಬಹುದು ಎಂದೂ ಪ್ರಾಪ್ ಹೇಳಿದ್ದ. 2021ರಲ್ಲಿ ಅದೇ ಜಾಹೀರಾತನ್ನು ಮತ್ತೆ ಚಿತ್ರಿಸಿದಾಗ ಬ್ಯಾಟ್ ಹಿಡಿದವಳು ಹೆಣ್ಣು, ಕುಣಿಯುತ್ತ ಓಡಿಬಂದವನು ಗಂಡು. ಉಳಿದ ಕಟ್ಟಡ ಹಾಗೇ ಇತ್ತು, ಅರ್ಥ ಮಾತ್ರ ಬದಲಾಯಿತು.

ಆ ಪಂದ್ಯವನ್ನು ನಾವು ನೋಡುವುದು ಹುಡುಗಿಯ ಮುಖದ ಮೂಲಕ. ಯಾರು ಹೇಳುತ್ತಾರೆ ಎನ್ನುವುದು ಬೇರೆ, ಯಾರ ಕಣ್ಣಿನಿಂದ ಕಾಣುತ್ತದೆ ಎನ್ನುವುದು ಬೇರೆ ಎಂಬುದು ಜೆನೆಟ್ ಕೊಟ್ಟ ಇನ್ನೊಂದು ತಿಳಿವಳಿಕೆ. ಕನ್ನಡದಲ್ಲಿ ಇದಕ್ಕೆ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕಿಂತ (1977) ದೊಡ್ಡ ಪಾಠ ನಾನು ಕಂಡಿಲ್ಲ. ಯು.ಆರ್. ಅನಂತಮೂರ್ತಿಯವರ ಕಥೆ. ಮಲೆನಾಡಿನ ಅಗ್ರಹಾರ, ಅಲ್ಲಿ ಉಡುಪರು ನಡೆಸುವ ವೇದಪಾಠಶಾಲೆ, ಅವರ ವಿಧವೆ ಮಗಳು ಯಮುನಾ. ಅವಳು ಬಸುರಾಗುತ್ತಾಳೆ, ಬಸಿರು ತೆಗೆಸಿಕೊಳ್ಳುತ್ತಾಳೆ, ಬದುಕಿರುವಾಗಲೇ ಅವಳಿಗೆ ಶ್ರಾದ್ಧ ಮಾಡಿ ಹೊರಹಾಕುತ್ತಾರೆ. ಇದನ್ನು ಯಮುನೆಯ ಕಣ್ಣಿನಿಂದ ಹೇಳಿದ್ದರೆ ಗೋಳಾಗುತ್ತಿತ್ತು; ಅಗ್ರಹಾರದ ಕಣ್ಣಿನಿಂದ ಹೇಳಿದ್ದರೆ ವಿಚಾರಣೆಯಾಗುತ್ತಿತ್ತು. ಹೇಳಿದ್ದು ವೇದ ಕಲಿಯಲು ಬಂದ ಪುಟ್ಟ ಹುಡುಗ ನಾಣಿಯ ಕಣ್ಣಿನಿಂದ. ದೊಡ್ಡ ಹುಡುಗರ ಕಾಟದ ನಡುವೆ ಯಮುನಕ್ಕ ಅವನಿಗೆ ತಾಯಿಯಂತೆ. ಅವಳಿಗೆ ಏನೋ ಆಗುತ್ತಿದೆ ಎಂದು ಅವನಿಗೆ ಗೊತ್ತು, ಏನೆಂದು ಗೊತ್ತಿಲ್ಲ. ನಮಗೆ ಗೊತ್ತು. ಅವನ ಅರಿವಿಗೂ ನಮ್ಮ ಅರಿವಿಗೂ ನಡುವೆ ಇರುವ ಆ ಅಂತರದಲ್ಲೇ ಚಿತ್ರದ ದುಃಖವೆಲ್ಲ ತುಂಬಿಕೊಳ್ಳುತ್ತದೆ. ತಪ್ಪು ಯಾರದು ಎಂದು ನಾಣಿ ಕೇಳುವುದಿಲ್ಲ. ಅವನಿಗೆ ಬೇಕಿರುವುದು ಅಕ್ಕ. ಹಾಗಾಗಿ ತೀರ್ಪು ಕೊಡಲು ಕೂತ ನಮ್ಮ ಮನಸ್ಸೂ ತೀರ್ಪನ್ನು ಬದಿಗಿಡುತ್ತದೆ. ಕ್ಯಾಮೆರಾ ಯಾರ ಪಕ್ಕ ನಿಲ್ಲಬೇಕು ಎಂಬ ನಿರ್ಧಾರ ಇಲ್ಲಿ ನೀತಿಯ ನಿರ್ಧಾರವೂ ಆಯಿತು.

ಆ ವರ್ಷದ ಸ್ವರ್ಣಕಮಲ ಈ ಚಿತ್ರಕ್ಕೆ ಬಂತು. ಹಳೆಯ ಪ್ರತಿಯನ್ನು ಸಂಸ್ಕರಿಸಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ತೋರಿಸಿದ್ದಾರೆ. ನೋಡದಿದ್ದವರು ನೋಡಿ. ನೋಡಿದವರು, ಪ್ರತಿ ದೃಶ್ಯದಲ್ಲೂ ನಾಣಿ ಎಲ್ಲಿ ನಿಂತಿದ್ದಾನೆ ಎಂದು ಗಮನಿಸುತ್ತ ಇನ್ನೊಮ್ಮೆ ನೋಡಿ.