ಅಧ್ಯಕ್ಷರಿಲ್ಲದ ನಗರಸಭೆ

1935ರಲ್ಲಿ ಪುರಸಭೆಯನ್ನು ಪಡೆದ ಉಡುಪಿಯ ಪೌರಜೀವನಕ್ಕೆ ಹೆಮ್ಮೆಯ ಪರಂಪರೆಯುಂಟು. 1968ರಲ್ಲಿ ಡಾ. ವಿ. ಎಸ್. ಆಚಾರ್ಯರು ಅಧ್ಯಕ್ಷರಾದ ಬಳಿಕ, ಮನುಷ್ಯನು ತಲೆಯ ಮೇಲೆ ಮಲ ಹೊರುವ ಅನಿಷ್ಟವನ್ನು ನಿಲ್ಲಿಸಿ ದೇಶಕ್ಕೆ ಮೇಲ್ಪಂಕ್ತಿಯಾದುದು ಇದೇ ಪುರಸಭೆ. ಅಂತಹ ಊರಿನ ಮತದಾರರು 2018ರ ಆಗಸ್ಟ್ 31ರಂದು 35 ವಾರ್ಡುಗಳಿಗೆ ಸದಸ್ಯರನ್ನು ಆರಿಸಿದರೂ, ಅಧ್ಯಕ್ಷಸ್ಥಾನದ ಮೀಸಲಾತಿಯ ವ್ಯಾಜ್ಯದಿಂದ 2020ರ ಅಕ್ಟೋಬರ್ ತನಕ ಅಧ್ಯಕ್ಷರ ಆಯ್ಕೆಯೇ ನಡೆಯಲಿಲ್ಲ.

2019ರ ಬೇಸಿಗೆಯಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬರಿದಾಗಿ ನಲ್ಲಿಗಳು ಒಣಗಿದಾಗ, ಅಧಿಕಾರಿಗಳು ಕೈಲಾದುದನ್ನು ಮಾಡಿರಬಹುದು. ಆದರೆ ಅಧಿಕಾರಿಯು ಮೇಲಿನವರಿಗೆ ಉತ್ತರ ಕೊಡತಕ್ಕವನು; ಸದಸ್ಯನು ಕೊಡ ಹಿಡಿದು ನಿಂತ ಮತದಾರನಿಗೆ. ನ್ಯಾಯವಾದ ಮೀಸಲಾತಿಗೆ ನಮ್ಮ ಆಕ್ಷೇಪವಿಲ್ಲ. ಅದರ ಪಟ್ಟಿಯು ಚುನಾವಣೆಗೆ ಮುಂಚೆಯೇ ದೋಷರಹಿತವಾಗಿ ಸಿದ್ಧವಾಗತಕ್ಕದ್ದು. ಸರಕಾರವು ಇದನ್ನು ಮನಗಾಣಲಿ; ಪೌರರೂ ಬಿಡದೆ ಕೇಳಲಿ.