ಗಿಟಾರ್ ಇದೆ, ಆಂಪ್ ಇಲ್ಲ, ಲ್ಯಾಪ್‌ಟಾಪ್ ಸಾಕಾ? ದುಡ್ಡು ಹಾಕೋ ಮುಂಚೆ ಇಷ್ಟು ತಿಳ್ಕೊಳ್ಳಿ

ದಾವಣಗೆರೆ: ವಿದ್ಯಾನಗರ, ಪಿ.ಜೆ. ಬಡಾವಣೆ ಕಡೆ ಬಾಡಿಗೆ ರೂಮಲ್ಲಿ ಎಲೆಕ್ಟ್ರಿಕ್ ಗಿಟಾರ್ ಇಟ್ಕೊಂಡವರಿಗೆ ಕಷ್ಟ ಎರಡು. ಒಂದು, ಒಳ್ಳೆ ವಾಲ್ವ್ ಆಂಪ್ ತರೋಕೆ ದುಡ್ಡು ಸಾಲಲ್ಲ. ಎರಡು, ಹೇಗೋ ತಂದರೂ ಜೋರಾಗಿ ಇಡೋ ಹಾಗಿಲ್ಲ. ವಾಲ್ವ್ ಆಂಪ್‌ನ ನಿಜವಾದ ದನಿ ಹೊರಡೋದು ವಾಲ್ಯೂಮ್ ಏರಿಸಿದಾಗಲೇ. ಆದರೆ 15 ವ್ಯಾಟ್‌ನ ಆಂಪ್ ಕೂಡ ಹತ್ತಡಿ ರೂಮಿಗೆ ಜಾಸ್ತಿಯೇ ಆಗುತ್ತೆ. ಮನೆ ಓನರ್ ಬಾಗಿಲು ತಟ್ಟೋಕೆ ಅಷ್ಟು ಸಾಕು.

ಇದಕ್ಕೆ ದಾರಿ ಆಂಪ್ ಮಾಡೆಲಿಂಗ್ ಸಾಫ್ಟ್‌ವೇರ್. ಗಿಟಾರ್ ಅನ್ನು ಕಂಪ್ಯೂಟರ್‌ಗೆ ಜೋಡಿಸಿ, ಆಂಪ್‌ನ ಕೆಲಸವನ್ನು ಸಾಫ್ಟ್‌ವೇರ್‌ಗೆ ಬಿಟ್ಟು, ಹೆಡ್‌ಫೋನಿನಲ್ಲಿ ಕೇಳೋದು. ಆದರೆ ಜೋಡಿಸಿ ನೋಡಿದ ಎಷ್ಟೋ ಜನ "ಸೌಂಡೇ ಸರಿ ಇಲ್ಲ ಗುರು" ಅಂತ ಬಿಟ್ಟುಬಿಡ್ತಾರೆ. ಇಲ್ಲವೇ ದುಬಾರಿ ಸಾಫ್ಟ್‌ವೇರ್ ಹುಡುಕ್ತಾರೆ. ಹೆಚ್ಚಿನ ಸಲ ತಪ್ಪು ಸಾಫ್ಟ್‌ವೇರ್‌ದಲ್ಲ. ಗಿಟಾರ್‌ನ ಸಿಗ್ನಲ್ ಕಂಪ್ಯೂಟರ್ ಒಳಗೆ ಹೋಗೋ ಬಾಗಿಲೇ ಸರಿ ಇರಲ್ಲ.

ಮೈಕ್ ತೂತಿಗೆ ಯಾಕೆ ಹಾಕಬಾರದು?

6.35 ಮಿ.ಮೀ. ಜ್ಯಾಕ್‌ಗೆ ಒಂದು ಕನ್ವರ್ಟರ್ ಹಾಕಿ, ಲ್ಯಾಪ್‌ಟಾಪ್‌ನ 3.5 ಮಿ.ಮೀ. ಮೈಕ್ ತೂತಿಗೆ ಸಿಕ್ಕಿಸೋದು ಎಲ್ಲರಿಗೂ ಹೊಳೆಯೋ ಉಪಾಯ. ದನಿ ಬರುತ್ತೆ. ಆದರೆ ಮಂಕಾಗಿ, ಗೊರಗೊರ ಅಂತ ಬರುತ್ತೆ.

ಕಾರಣ ಸರಳ. ಗಿಟಾರ್‌ನ ಪಿಕಪ್ ಅಂದ್ರೆ ಮ್ಯಾಗ್ನೆಟ್ ಸುತ್ತ ಸಾವಿರಾರು ಸುತ್ತು ಸುತ್ತಿದ ತೆಳು ತಂತಿ. ಅದು ಹುಟ್ಟಿಸುವ ವಿದ್ಯುತ್ ತೀರಾ ದುರ್ಬಲ. ಮುಂದಿನ ಉಪಕರಣ ಅದರ ಮೇಲೆ ಭಾರ ಹಾಕಬಾರದು. ಅದಕ್ಕೇ ಗಿಟಾರ್ ಆಂಪ್‌ಗಳ ಇನ್‌ಪುಟ್ ಇಂಪಿಡೆನ್ಸ್ ಸಾಮಾನ್ಯವಾಗಿ 1 ಮೆಗಾ ಓಮ್, ಅಂದ್ರೆ ಹತ್ತು ಲಕ್ಷ ಓಮ್ ಇರುತ್ತೆ. ಲ್ಯಾಪ್‌ಟಾಪ್‌ನ ಮೈಕ್ ಇನ್‌ಪುಟ್‌ದು ಕೆಲವೇ ಸಾವಿರ ಓಮ್. ಅಲ್ಲಿಗೆ ಸಿಕ್ಕಿಸಿದರೆ ಸಿಗ್ನಲ್ ಅಲ್ಲೇ ಕುಸಿಯುತ್ತೆ, ಅದರಲ್ಲೂ ಮೇಲಿನ ಫ್ರೀಕ್ವೆನ್ಸಿಗಳು ಮೊದಲು ಹೋಗ್ತವೆ. ತಂತಿಯ ಹೊಳಪು, ಪಿಕ್ ತಾಗಿದ ಚುರುಕು ಎಲ್ಲಾ ಮಾಯ. ಒಮ್ಮೆ ಹೋದದ್ದನ್ನು ಯಾವ ಸಾಫ್ಟ್‌ವೇರೂ ವಾಪಸ್ ತರಲ್ಲ.

ಬೇಕಾಗಿರೋದು ಆಡಿಯೋ ಇಂಟರ್‌ಫೇಸ್

ಯುಎಸ್‌ಬಿಗೆ ಸಿಕ್ಕಿಸುವ ಸಣ್ಣ ಡಬ್ಬಿ ಇದು. ಗಿಟಾರ್‌ನ ಸಿಗ್ನಲ್ ಅನ್ನು ಸರಿಯಾಗಿ ತಗೊಂಡು, ಅಂಕಿಗಳಾಗಿ ಬದಲಿಸಿ ಕಂಪ್ಯೂಟರ್‌ಗೆ ಕೊಡುತ್ತೆ. ಸಾಫ್ಟ್‌ವೇರ್‌ನಿಂದ ಬಂದ ದನಿಯನ್ನು ಮತ್ತೆ ಹೆಡ್‌ಫೋನ್‌ಗೆ ಕೊಡುತ್ತೆ. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ, ಬೆಹ್ರಿಂಗರ್ ಯುಎಂ2 ಇಂಥವು ಹೊಸಬರು ಹೆಚ್ಚಾಗಿ ಬಳಸುವ ಮಾಡೆಲ್‌ಗಳು.

ಯಾವ ಕಂಪನಿಯದೇ ಆಗಲಿ, ಕೊಳ್ಳುವ ಮುಂಚೆ ಎರಡು ಕೇಳಿ:

1. 'ಇನ್‌ಸ್ಟ್ರುಮೆಂಟ್' ಅಥವಾ 'ಹೈ-ಝಡ್' ಅಂತ ಬರೆದ ಇನ್‌ಪುಟ್ ಇದೆಯಾ? ಕೆಲವದರಲ್ಲಿ ಅದಕ್ಕೆ ಬೇರೆ ತೂತು, ಕೆಲವದರಲ್ಲಿ ಒಂದು ಬಟನ್. ಬಟನ್ ಒತ್ತೋದನ್ನ ಮರೆತರೆ ಮತ್ತೆ ಅದೇ ಮಂಕು ದನಿ.

2. ವಿಂಡೋಸ್‌ಗೆ ಕಂಪನಿಯದ್ದೇ ಅಸಿಯೋ ಡ್ರೈವರ್ ಇದೆಯಾ? ಇದು ಯಾಕೆ ಅಂತ ಮುಂದೆ ನೋಡಿ.

ಬಾರಿಸಿದ್ದು ತಡವಾಗಿ ಕೇಳುತ್ತಾ?

ಇದಕ್ಕೆ ಲೇಟೆನ್ಸಿ ಅಂತಾರೆ. ಕಂಪ್ಯೂಟರ್ ದನಿಯನ್ನು ಹನಿಹನಿಯಾಗಿ ಅಲ್ಲ, ಬಿಂದಿಗೆ ತುಂಬಿಸಿ ತುಂಬಿಸಿ ಸಾಗಿಸುತ್ತೆ. ಆ ಬಿಂದಿಗೆಯೇ ಬಫರ್. ಬಿಂದಿಗೆ ದೊಡ್ಡದಾದಷ್ಟೂ ಕಾಯೋದು ಜಾಸ್ತಿ.

ಲೆಕ್ಕ ನೋಡಿ. ಸೆಕೆಂಡಿಗೆ 44,100 ಸ್ಯಾಂಪಲ್ ಇರುವಾಗ 128 ಸ್ಯಾಂಪಲ್‌ನ ಬಫರ್ ತುಂಬೋಕೆ ಸುಮಾರು 2.9 ಮಿಲಿಸೆಕೆಂಡ್. 1024 ಆದರೆ ಸುಮಾರು 23 ಮಿಲಿಸೆಕೆಂಡ್. ಒಳಗೆ ಬರೋಕೆ ಒಂದು ಸಲ, ಹೊರಗೆ ಹೋಗೋಕೆ ಇನ್ನೊಂದು ಸಲ, ಹಾಗಾಗಿ ಎರಡರಷ್ಟು. ಜೊತೆಗೆ ಯುಎಸ್‌ಬಿ, ಇಂಟರ್‌ಫೇಸ್‌ನ ತಡ ಬೇರೆ.

ಗಾಳಿಯಲ್ಲಿ ಶಬ್ದ 1 ಮೀಟರ್ ಸಾಗೋಕೇ ಸುಮಾರು 3 ಮಿಲಿಸೆಕೆಂಡ್ ಬೇಕು. ಅಂದ್ರೆ ಒಟ್ಟು 10 ಮಿಲಿಸೆಕೆಂಡ್ ತಡ ಅನ್ನೋದು ಆಂಪ್‌ನಿಂದ ಹತ್ತು ಹನ್ನೊಂದು ಅಡಿ ದೂರ ನಿಂತು ಬಾರಿಸಿದ ಹಾಗೆ. ತೊಂದರೆ ಇಲ್ಲ. 50 ಮಿಲಿಸೆಕೆಂಡ್ ಆದರೆ ಕೈ ಒಂದು ಕಡೆ, ಕಿವಿ ಒಂದು ಕಡೆ. ತಾಳ ತಪ್ಪೋದು ಖಂಡಿತ.

ವಿಂಡೋಸ್‌ನ ಮಾಮೂಲಿ ಆಡಿಯೋ ದಾರಿಯಲ್ಲಿ ತಡ ಜಾಸ್ತಿ. ಅದನ್ನು ತಪ್ಪಿಸಿ ನೇರ ಹೋಗೋ ದಾರಿಯೇ ಸ್ಟೈನ್‌ಬರ್ಗ್ ಕಂಪನಿ ರೂಪಿಸಿದ ಅಸಿಯೋ. ಇಂಟರ್‌ಫೇಸ್ ಕಂಪನಿ ಡ್ರೈವರ್ ಕೊಡದಿದ್ದರೆ 'ಅಸಿಯೋ ಫಾರ್ ಆಲ್' ಅನ್ನೋ ಉಚಿತ ಡ್ರೈವರ್ ಹಾಕಿ ನೋಡಬಹುದು. ಮ್ಯಾಕ್‌ನಲ್ಲಿ ಈ ತಲೆನೋವಿಲ್ಲ, ಕೋರ್ ಆಡಿಯೋ ಒಳಗೇ ಇದೆ. ಬಫರ್ 128ಕ್ಕೆ ಇಡಿ. ಪಟಪಟ ಸದ್ದು ಬಂದರೆ 256ಕ್ಕೆ ಏರಿಸಿ.

ಇನ್ನೊಂದು ಮಾತು: ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ. ಅದರ ತಡವೇ ಸಾಮಾನ್ಯವಾಗಿ 100 ಮಿಲಿಸೆಕೆಂಡ್ ದಾಟುತ್ತೆ. ವೈರ್ ಇರೋದನ್ನೇ ಇಂಟರ್‌ಫೇಸ್‌ಗೆ ಹಾಕಿ.

ಗೇನ್ ಎಷ್ಟಿಡಬೇಕು?

ಗಿಟಾರ್ ವಾಲ್ಯೂಮ್ ಪೂರ್ತಿ ಇಟ್ಟು, ನೀವು ಬಾರಿಸುವ ಅತಿ ಜೋರಿನ ಕಾರ್ಡ್ ಬಾರಿಸಿ. ಇಂಟರ್‌ಫೇಸ್‌ನ ಕೆಂಪು ದೀಪ ಹತ್ತಲೇಬಾರದು. ಸಾಫ್ಟ್‌ವೇರ್‌ನ ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಮುಟ್ಟಿದರೆ ಸಾಕು. ಡಿಸ್ಟಾರ್ಷನ್ ಬೇಕು ಅಂತ ಇಲ್ಲೇ ಗೇನ್ ತಿರುಗಿಸಬೇಡಿ. ಅದು ಸಾಫ್ಟ್‌ವೇರ್ ಒಳಗಿನ ಆಂಪ್‌ನ ಕೆಲಸ. ಇಂಟರ್‌ಫೇಸ್‌ನಲ್ಲೇ ಒಡೆದ ದನಿ ಕಿವಿಗೆ ಚುಚ್ಚುತ್ತೆ, ಆಮೇಲೆ ಸರಿ ಮಾಡೋಕೂ ಆಗಲ್ಲ.

ಸಾಫ್ಟ್‌ವೇರ್‌ಗೆ ದುಡ್ಡು ಬೇಕಾ?

ಶುರುವಿಗೆ ಬೇಡ. ಆಂಪ್ಲಿಟ್ಯೂಬ್, ಗಿಟಾರ್ ರಿಗ್ ಎರಡಕ್ಕೂ ಉಚಿತ ಆವೃತ್ತಿ ಇದೆ. ನ್ಯೂರಲ್ ಆಂಪ್ ಮಾಡೆಲರ್ ಪೂರ್ತಿ ಉಚಿತ, ಓಪನ್ ಸೋರ್ಸ್. ನಿಜವಾದ ಆಂಪ್‌ಗೆ ಪರೀಕ್ಷೆಯ ಸಿಗ್ನಲ್ ಕೊಟ್ಟು, ಹೊರಬಂದ ದನಿಯನ್ನು ಹೋಲಿಸಿ ಆ ಆಂಪ್‌ನ ಗುಣವನ್ನು ಕಲಿಯೋದು ಅದರ ರೀತಿ. ಲಿನಕ್ಸ್‌ಗೆ ಗಿಟಾರಿಕ್ಸ್ ಇದೆ. ಮ್ಯಾಕ್, ಐಫೋನ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್‌ನಲ್ಲೇ ಆಂಪ್‌ಗಳಿವೆ.

ಒಂದು ವಿಷಯ ನೆನಪಿರಲಿ. ಆಂಪ್‌ನ ದನಿ ಅಂದ್ರೆ ಬರೀ ಆಂಪ್ ಅಲ್ಲ, ಅದರ ಸ್ಪೀಕರ್ ಪೆಟ್ಟಿಗೆಯೂ ಸೇರಿ. ಆ ಸ್ಪೀಕರ್ ಮೇಲಿನ ಕರ್ಕಶ ಫ್ರೀಕ್ವೆನ್ಸಿಗಳನ್ನು ತಡೆಯುತ್ತೆ. ಸಾಫ್ಟ್‌ವೇರ್‌ನಲ್ಲಿ 'ಕ್ಯಾಬಿನೆಟ್' ಆಫ್ ಆಗಿದ್ದರೆ ಡಿಸ್ಟಾರ್ಷನ್ ಜೇನು ಎದ್ದ ಹಾಗೆ ಕೇಳುತ್ತೆ. ಹೆಡ್‌ಫೋನ್, ಮಿಕ್ಸರ್‌ಗೆ ಕ್ಯಾಬಿನೆಟ್ ಆನ್ ಇರಲಿ. ನಿಜವಾದ ಗಿಟಾರ್ ಆಂಪ್‌ಗೆ ಕೊಡುವಾಗ ಆಫ್ ಮಾಡಿ.

ಗುಂಯ್ ಸದ್ದು ಮತ್ತು ಅರ್ಥಿಂಗ್

ಗುಂಯ್ ಅಂತಿದ್ದರೆ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಬಾರಿಸಿ. ಸದ್ದು ನಿಂತರೆ ತೊಂದರೆ ಚಾರ್ಜರ್ ಅಥವಾ ಮನೆಯ ಅರ್ಥಿಂಗ್‌ನದು. ನಿಲ್ಲದಿದ್ದರೆ ಟ್ಯೂಬ್‌ಲೈಟ್, ಮಾನಿಟರ್‌ನಿಂದ ದೂರ ಸರಿದು ನೋಡಿ. ಸಿಂಗಲ್ ಕಾಯಿಲ್ ಪಿಕಪ್‌ಗಳು 50 ಹರ್ಟ್ಸ್ ಕರೆಂಟಿನ ಸದ್ದನ್ನು ಬೇಗ ಹಿಡೀತವೆ.

ಸದ್ದು ಹೋಗಲಿ ಅಂತ ಪ್ಲಗ್‌ನ ಅರ್ಥ್ ಪಿನ್ ಮುರಿಯೋದು, ಟೂ ಪಿನ್ ಮಾಡೋದು ಮಾತ್ರ ಬೇಡ. ಗಿಟಾರ್‌ನ ತಂತಿ ಕೇಬಲ್ ಮೂಲಕ ಅರ್ಥ್‌ಗೆ ಸೇರಿರುತ್ತೆ. ಕೈ ತಂತಿ ಮೇಲೆ, ತುಟಿ ಮೈಕ್ ಮೇಲೆ ಇದ್ದಾಗ ಎರಡರಲ್ಲಿ ಒಂದರ ಅರ್ಥಿಂಗ್ ಕೆಟ್ಟಿದ್ದರೆ ಕರೆಂಟ್ ಹರಿಯೋದು ಎದೆಯ ಮೂಲಕ. 1972ರಲ್ಲಿ ವೇಲ್ಸ್‌ನ ಸ್ವಾನ್‌ಸೀಯಲ್ಲಿ 'ಸ್ಟೋನ್ ದ ಕ್ರೋಸ್' ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ವೇದಿಕೆಯಲ್ಲೇ ಸತ್ತದ್ದು ಅರ್ಥ್ ಇಲ್ಲದ ಮೈಕ್ ಮುಟ್ಟಿ. ಗಣೇಶನ ಪೆಂಡಾಲ್, ಮದುವೆ ಆರ್ಕೆಸ್ಟ್ರಾಗಳಲ್ಲಿ ನುಡಿಸುವವರು ಇದನ್ನು ಮರೆಯಬಾರದು. ಲ್ಯಾಪ್‌ಟಾಪ್, ಮಿಕ್ಸರ್, ಮೈಕ್ ಎಲ್ಲವೂ ಸರಿಯಾದ ಅರ್ಥಿಂಗ್ ಇರುವ ಒಂದೇ ಲೈನಿನಿಂದ ಬರಲಿ. ತಂತಿ ಮುಟ್ಟಿದಾಗ ಜುಮ್ ಅಂದ್ರೆ ನುಡಿಸೋದು ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ.

ಹಾಗೆಯೇ, ಆಂಪ್‌ನ ಹಿಂದಿನ ಸ್ಪೀಕರ್ ಔಟ್‌ನಿಂದ ಇಂಟರ್‌ಫೇಸ್‌ಗೆ ಕೇಬಲ್ ಎಳೆಯಬೇಡಿ. ಅಲ್ಲಿ ಬರೋದು ಸ್ಪೀಕರ್ ಓಡಿಸುವಷ್ಟು ಶಕ್ತಿ. ಇಂಟರ್‌ಫೇಸ್ ಸುಡಬಹುದು. ಸ್ಪೀಕರ್ ಇಲ್ಲದೆ ಓಡಿಸಿದ ವಾಲ್ವ್ ಆಂಪ್‌ನ ಟ್ರಾನ್ಸ್‌ಫಾರ್ಮರ್ ಕೂಡ ಹೋಗಬಹುದು.

ಯಾವುದಕ್ಕೆ ಮೊದಲು ದುಡ್ಡು?

ಮೊದಲು ಹೈ-ಝಡ್ ಇನ್‌ಪುಟ್ ಇರುವ ಇಂಟರ್‌ಫೇಸ್. ಆಮೇಲೆ ಒಳ್ಳೆ ಕೇಬಲ್, ವೈರ್ ಇರುವ ಹೆಡ್‌ಫೋನ್. ಸಾಫ್ಟ್‌ವೇರ್ ಕೊನೆಗೆ. ಉಚಿತದ್ದನ್ನೇ ಮೂರ್ನಾಲ್ಕು ತಿಂಗಳು ಬಾರಿಸಿ. ಅಷ್ಟರಲ್ಲಿ ನಿಮಗೆ ಯಾವ ದನಿ ಬೇಕು ಅಂತ ನಿಮ್ಮ ಕಿವಿಗೇ ಗೊತ್ತಾಗಿರುತ್ತೆ. ಕೊಳ್ಳೋದಿದ್ದರೆ ಆಗ ಕೊಳ್ಳಿ.