ಅರಗಿನ ಕಡೆತದಲ್ಲಿ ಹೊಳಪಿನ ಸಮಯ: ಚನ್ನಪಟ್ಟಣದ ಬೊಂಬೆಗಳನ್ನು ಕುರಿತು

ಮರಗೆಲಸವನ್ನು ವಿವರಿಸುವ ಬರಹಗಳಲ್ಲಿ ಹೊಳಪು ಕೊಡುವುದನ್ನು ಸಾಮಾನ್ಯವಾಗಿ ಕೊನೆಯ ಹಂತವೆಂದು ಪರಿಗಣಿಸಲಾಗಿದೆ. ಕಡೆತ, ಉಜ್ಜುವಿಕೆ, ಬಣ್ಣ, ತರುವಾಯ ಹೊಳಪು ಎಂಬುದು ರೂಢಿಯ ಕ್ರಮ. 2005-06ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಚನ್ನಪಟ್ಟಣದ ಬೊಂಬೆಗಳಿಗೆ ಈ ಕ್ರಮ ಹೊಂದುವುದಿಲ್ಲ. ಇಲ್ಲಿ ಬಣ್ಣವೂ ಹೊಳಪೂ ಒಂದೇ ಬಿಸಿಯಲ್ಲಿ ನಡೆಯುವ ಕ್ರಿಯೆಗಳು.

ಬೊಂಬೆಗೆ ಪರಂಪರಾಗತವಾಗಿ ಒದಗುವುದು ಬಿಳುಪಾದ, ನಯವಾದ ಎಳೆಗಳುಳ್ಳ ಹಾಲೆ ಮರ. ಅದು ಚೆನ್ನಾಗಿ ಒಣಗಿರಬೇಕು. ಹಸಿ ಉಳಿದ ಮರ ಮುಂದೆ ಕುಗ್ಗಿದಾಗ ಮೇಲಿನ ಅರಗು ಬಿರುಕು ಬಿಡುತ್ತದೆ. ಉಳಿಯಿಂದ ಕಡೆದ ಮೇಲೆ ಉಪ್ಪುಕಾಗದದಿಂದ ನುಣುಪುಗೊಳಿಸುತ್ತಾರೆ. ಈ ಹಂತದಲ್ಲಿ ಉಳಿದ ಗೀರನ್ನು ಹೊಳಪು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.

ಮರವು ಲೇತಿನಲ್ಲಿ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯಲಾಗುತ್ತದೆ. ಅರಗು ಸುಮಾರು 75ರಿಂದ 80 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುವ ವಸ್ತುವಾದ್ದರಿಂದ ಘರ್ಷಣೆಯ ಬಿಸಿಯೇ ಸಾಕು, ಬೇರೆ ಬೆಂಕಿ ಬೇಕಿಲ್ಲ. ಆದರೆ ಹಾಗೆ ಅಂಟಿದ ಅರಗು ಗೆರೆಗೆರೆಯಾಗಿ, ಮಂಕಾಗಿ ಕೂರುತ್ತದೆ. ಅದು ಆರುವ ಮೊದಲೇ ಕಸುಬಿನವರು ತಾಳೆಗರಿ ಎನ್ನುವ ಕೇದಗೆಯ ಒಣ ಎಲೆಯನ್ನು ಒತ್ತಬೇಕು. ಎಲೆಯ ಉಜ್ಜುವಿಕೆ ಬಿಸಿಯನ್ನು ಕಾಯ್ದುಕೊಂಡು ಅರಗನ್ನು ಸಮವಾಗಿ ಹರಡುತ್ತದೆ; ಹೊಳಪು ಹುಟ್ಟುವುದು ಆಗಲೇ. ತಡವಾದರೆ ಎಲೆ ಗಟ್ಟಿಯಾದ ಪದರದ ಮೇಲೆ ಜಾರಿ ಗೆರೆಗಳು ಹಾಗೆಯೇ ನಿಲ್ಲುತ್ತವೆ. ಒತ್ತಡ ಮಿತಿಮೀರಿದರೆ ಮೆತ್ತಗಾದ ಅರಗು ಎದ್ದು ಬರುತ್ತದೆ. ಈ ಅಂತರವನ್ನು ಗಡಿಯಾರ ಅಳೆಯಲಾರದು, ಕೈ ಅಳೆಯುತ್ತದೆ. ಬೊಂಬೆಯನ್ನು ಮರದ ತುಂಡಿನಿಂದ ಕತ್ತರಿಸಿ ಬೇರ್ಪಡಿಸುವುದು ಇದೆಲ್ಲ ಮುಗಿದ ಮೇಲೆ; ತಿರುಗದ ಬೊಂಬೆಗೆ ಎಲೆಯಿಂದ ಪ್ರಯೋಜನವಿಲ್ಲ.

ಪೀಠೋಪಕರಣಗಳಿಗೆ ಬಳಿಯುವ ಸ್ಪಿರಿಟ್ ಪಾಲಿಶಿನಲ್ಲಿರುವ ಚಪಡಾ ಕೂಡ ಅರಗಿನದೇ ರೂಪ. ಆದರೆ ಅಲ್ಲಿ ಸ್ಪಿರಿಟ್ ಆರಿ ಪದರ ಗಟ್ಟಿಯಾಗುವವರೆಗೆ ಕಾದು ಬಳಿಕ ಉಜ್ಜಬೇಕು. ದ್ರವ್ಯ ಒಂದೇ, ಕಾಲನಿಯಮ ತದ್ವಿರುದ್ಧ. ವಸ್ತುಸಂಗ್ರಹಾಲಯಗಳ ದಾಖಲೆಗೆ ಈ ಭೇದ ಮುಖ್ಯವಾದುದು. ಹಳೆಯ ಬೊಂಬೆಯೊಂದರ ಎದುರು 'ಪಾಲಿಶ್ ಮಾಡಿದ ಮರ' ಎಂದಷ್ಟೇ ಬರೆದಿದ್ದರೆ, ಮಾಸಿದ ಹೊಳಪನ್ನು ಮರಳಿಸಲು ಸ್ಪಿರಿಟ್ ಹಚ್ಚಿ ಒರೆಸುವ ಯೋಚನೆ ಸಹಜವಾಗಿಯೇ ಬರುತ್ತದೆ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಬಣ್ಣ ಅರಗಿನೊಳಗೇ ಬೆರೆತಿರುವುದರಿಂದ ಎರಡೂ ಒಟ್ಟಿಗೆ ಬಟ್ಟೆಗೆ ಬರುತ್ತವೆ.